ಒಂಬತ್ತು ವರ್ಷದ ನಂತರ ಮತ್ತೆ ಸ್ಕೈಡೈವಿಂಗ್: ಹಳೇ 150 ಚದರ ಅಡಿ ಕ್ಯಾನಪಿ (ಪ್ಯಾರಾಶೂಟ್) ನಡೆಯುತ್ತಾ, ದೊಡ್ಡದು ಬೇಕಾ?

ಗಾಳಿಮರ (ಪ್ರಶ್ನೆ)

ಪೀಠಿಕೆ ಬಿಟ್ಟು ನೇರ ಅಂಕಿಗೆ ಬರ್ತೀನಿ. ಒಟ್ಟು 160 ಜಂಪ್, ಬಿ ಲೈಸೆನ್ಸ್, ಕೊನೇ ಜಂಪ್ 2016ರಲ್ಲಿ. ಎಲ್ಲಾ ಫ್ಲೋರಿಡಾದ ಡಿಲ್ಯಾಂಡ್‌ನಲ್ಲಿ. ಆಗ ತೂಕ 72 ಕೆಜಿ, ಈಗ 82. ಈಗ ಮನೆ ಡೆನ್ವರ್ ಹತ್ತಿರ, ಹಾಗಾಗಿ ಡ್ರಾಪ್‌ಝೋನ್ (ಹಾರಿ ಇಳಿಯೋ ಜಾಗ) ಲಾಂಗ್‌ಮಾಂಟ್. ಊರಿಗೆ ಬಂದಾಗ ಮೈಸೂರಿನಲ್ಲಿ ಕ್ಯಾಂಪ್ ನಡೀತಿದ್ರೆ ಅಲ್ಲೂ ಹಾರೋ ಯೋಚನೆ ಇದೆ.

ಬೀರುವಿನಲ್ಲಿ ಇರೋ ರಿಗ್ (ಬೆನ್ನಿಗೆ ಕಟ್ಟೋ ಇಡೀ ಸೆಟ್): ಮೇನ್ ಅಂದ್ರೆ ಮುಖ್ಯ ಕ್ಯಾನಪಿ ಸೇಬರ್2 150, ಅದರ ಲೈನ್ (ದಾರ) ಸ್ಪೆಕ್ಟ್ರಾ ಮೈಕ್ರೋಲೈನ್, ಕ್ಯಾನಪಿ ಮೇಲೆ ಸುಮಾರು 350 ಜಂಪ್ ಆಗಿದೆ, ಲೈನ್ ಯಾವತ್ತೂ ಬದಲಾಯಿಸಿಲ್ಲ. ರಿಸರ್ವ್ (ಮೇನ್ ಕೈಕೊಟ್ರೆ ತೆರೆಯೋದು) ಪಿಡಿ 143. ಏಎಡಿ (ತಗ್ಗಿಗೆ ಬಂದ್ರೂ ಏನೂ ತೆರೆಯದಿದ್ರೆ ರಿಸರ್ವ್ ತಾನಾಗೇ ತೆರೆಸೋ ಯಂತ್ರ) ಸೈಪ್ರಸ್ 2, ಮಾರ್ಚ್ 2012ರ ತಯಾರಿ. ಕಂಟೇನರ್ (ಎರಡೂ ಕ್ಯಾನಪಿ ತುಂಬೋ ಚೀಲ) 150ಕ್ಕೆ ಸರಿಯಾಗಿ ಹೊಲಿಸಿದ್ದು. ಇದರ ಜೊತೆ ಕಡಿಮೆ ಬೆಲೆಗೆ ಒಂದು ಸ್ಟಿಲೆಟೊ 150 ಕ್ಯಾನಪಿ ಸಿಗ್ತಿದೆ.

ಹಳೇ 150ರಲ್ಲೇ ಶುರು ಮಾಡಬಹುದಾ? ಬೇಡ ಅಂದ್ರೆ ಯಾವ ಸೈಜ್, ಸೆಲ್ (ಗಾಳಿ ತುಂಬೋ ಕೋಣೆ) ಏಳಾ ಒಂಬತ್ತಾ? ರಿಗ್‌ನಲ್ಲಿ ಏನು ಉಳಿಸಿಕೊಳ್ಳಬಹುದು?

ಲೆಕ್ಕದಮೇಷ್ಟ್ರು

ಮೊದಲು ವಿಂಗ್ ಲೋಡಿಂಗ್. ವಿಮಾನದಿಂದ ಹೊರಗೆ ಬೀಳುವಾಗಿನ ಒಟ್ಟು ತೂಕ ಪೌಂಡ್‌ನಲ್ಲಿ, ಅದನ್ನ ಕ್ಯಾನಪಿಯ ಚದರ ಅಡಿಯಿಂದ ಭಾಗಿಸಬೇಕು. ರಿಗ್, ಹೆಲ್ಮೆಟ್, ಬಟ್ಟೆ ಸೇರಿ 11 ಕೆಜಿ ಇಟ್ಟುಕೊಳ್ಳಿ. ಆಗ 83 ಕೆಜಿ ಅಂದ್ರೆ 183 ಪೌಂಡ್, 150ರ ಕೆಳಗೆ 1.22. ಈಗ 93 ಕೆಜಿ, 205 ಪೌಂಡ್, ಅದೇ 150ರ ಕೆಳಗೆ 1.37. ಕ್ಯಾನಪಿ ಮುಟ್ಟದೇನೇ ಒಂದು ಸೈಜ್ ಚಿಕ್ಕದಕ್ಕೆ ಇಳಿದ ಹಾಗಾಯ್ತು. ಇದೇ ತೂಕಕ್ಕೆ 170 ಅಂದ್ರೆ 1.21, 190 ಅಂದ್ರೆ 1.08, 210 ಅಂದ್ರೆ 0.98, 230 ಅಂದ್ರೆ 0.89.

ಇಲ್ಲಿಗೆ ಮುಗಿಯಲ್ಲ. ಡಿಲ್ಯಾಂಡ್ ಹೆಚ್ಚುಕಡಿಮೆ ಸಮುದ್ರ ಮಟ್ಟ. ಲಾಂಗ್‌ಮಾಂಟ್ ರನ್‌ವೇ ಇರೋದು 5,055 ಅಡಿ ಎತ್ತರದಲ್ಲಿ. ಬೇಸಿಗೆ ಮಧ್ಯಾಹ್ನ 32 ಡಿಗ್ರಿ ಇದ್ರೆ ಅಲ್ಲಿನ ಡೆನ್ಸಿಟಿ ಆಲ್ಟಿಟ್ಯೂಡ್ (ಗಾಳಿ ಎಷ್ಟು ತೆಳು ಅನ್ನೋದನ್ನ ಎತ್ತರದಲ್ಲಿ ಹೇಳೋ ಲೆಕ್ಕ) 8,300 ಅಡಿ ಮುಟ್ಟುತ್ತೆ. ಅದೇ ಶಾಖದಲ್ಲಿ ಡಿಲ್ಯಾಂಡ್‌ನಲ್ಲಿ ಸುಮಾರು 2,100. ಗಾಳಿ ತೆಳುವಾದಷ್ಟೂ ಅದೇ ಕ್ಯಾನಪಿ ನೆಲದ ಮೇಲೆ ಜೋರಾಗಿ ಓಡುತ್ತೆ, ಈ ವ್ಯತ್ಯಾಸವೊಂದೇ ಶೇ. 10ರ ಹತ್ತಿರ. ತೂಕದಿಂದ ಬರೋ ಶೇ. 6 ಸೇರಿದ್ರೆ ವೇಗ ಒಟ್ಟು ಶೇ. 16 ಜಾಸ್ತಿ. ಬಿದ್ದರೆ ಕಾಲು ತಡೀಬೇಕಾದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ, ದೇಹದ ತೂಕವೂ ಏರಿದೆ. ಕೂಡಿ ನೋಡಿದ್ರೆ 2016ಕ್ಕಿಂತ ಸುಮಾರು ಒಂದೂವರೆ ಪಟ್ಟು. ಆಲ್ಟಿಮೀಟರ್ ಮಾತ್ರ ನೆಲದ ಮೇಲೆ ಸೊನ್ನೆ ತೋರಿಸ್ತಾ ಕೂತಿರುತ್ತೆ, ಇದ್ಯಾವುದನ್ನೂ ಹೇಳಲ್ಲ.

ಚಾಲ್ತಿಯಲ್ಲಿರೋ ಒಂದು ಅಂದಾಜು ಸೂತ್ರ ಇದೆ: 1.0ರಿಂದ ಶುರು, ಪ್ರತಿ 100 ಜಂಪಿಗೆ 0.1 ಕೂಡಿಸಿ, ಪ್ರತಿ 2,000 ಅಡಿ ಎತ್ತರಕ್ಕೆ 0.1 ಕಳೀರಿ. 160 ಜಂಪಿಗೆ 1.16, ಲಾಂಗ್‌ಮಾಂಟ್‌ನ ಎತ್ತರಕ್ಕೆ 0.25 ಕಳೆದ್ರೆ 0.91. ಅಂದ್ರೆ 225 ಚದರ ಅಡಿ. 0.91 ಅನ್ನೋದು ವಾರ ವಾರ ಹಾರ್ತಾ ಇರೋರಿಗೆ ಗರಿಷ್ಠ ಲೋಡಿಂಗ್. ಒಂಬತ್ತು ವರ್ಷ ಬಿಟ್ಟಿದ್ದನ್ನ ಸೂತ್ರ ಲೆಕ್ಕಕ್ಕೇ ತಗೊಳ್ಳಲ್ಲ. ಹಾಗಾಗಿ ಮೊದಲು 230, ಅದೂ ಬಾಡಿಗೆಗೆ.

ಮೈಸೂರಿನ ಮಂಡಕಳ್ಳಿ 2,350 ಅಡಿ ಆಸುಪಾಸು. 32 ಡಿಗ್ರಿಯಲ್ಲಿ ಡೆನ್ಸಿಟಿ ಆಲ್ಟಿಟ್ಯೂಡ್ 5,000 ಅಡಿ. ಲಾಂಗ್‌ಮಾಂಟ್‌ಗೆ ಒಗ್ಗಿಕೊಂಡವರಿಗೆ ಅದು ಸಲೀಸು. ಡಿಲ್ಯಾಂಡ್‌ನಿಂದ ನೇರ ಬಂದವರಿಗೆ ಅಲ್ಲ.

ಒಂಬತ್ತುಸೆಲ್

ಮೇಷ್ಟ್ರ ಲೆಕ್ಕ ಸರಿ, ಆದ್ರೆ 230 ಅನ್ನೋದು ಅತಿಯಾಯ್ತು ಅನ್ಸುತ್ತೆ. ಆಗಲೇ 1.22ರಲ್ಲಿ ಹಾರಿದವರು, 170 ಹಾಕಿದ್ರೆ ಅದೇ ಲೋಡಿಂಗ್ ಸಿಗುತ್ತೆ. ದೊಡ್ಡ ಕ್ಯಾನಪಿಗೂ ಅದರದೇ ತೊಂದರೆ ಇದೆ. 0.9 ಲೋಡಿಂಗ್‌ನಲ್ಲಿ ಗಾಳಿ ಗಂಟೆಗೆ 20 ಮೈಲಿ ಮುಟ್ಟಿದ್ರೆ ಮುಂದೆ ಹೋಗೋದೇ ಕಷ್ಟ, ಇನ್ನೂ ಏರಿದ್ರೆ ಹಿಂದಕ್ಕೆ ತೇಲ್ತಾ ಬೇಲಿ ದಾಟಿ ಇಳೀಬೇಕು. ಬೆಟ್ಟದ ಬುಡದ ಆ ಜಾಗದಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಯಾವಾಗ ತಿರುಗುತ್ತೋ ಹೇಳಕ್ಕಾಗಲ್ಲ.

ಲೆಕ್ಕದಮೇಷ್ಟ್ರು

ಗಾಳಿ 20 ಇರೋ ದಿನ ವಾಪಸ್ ಬರೋರು ನೆಲದ ಮೇಲೇ ಇರಬೇಕು, ಅದಕ್ಕೆ ಪರಿಹಾರ ಚಿಕ್ಕ ಕ್ಯಾನಪಿ ಅಲ್ಲ. ಮೊದಲ ಹತ್ತು ಜಂಪ್ ಬೆಳಿಗ್ಗೆ 11ರ ಒಳಗೆ ಮುಗಿಸಿಕೊಳ್ಳಲಿ: ಗಾಳಿ ಕಡಿಮೆ, ತಂಪು, ಡೆನ್ಸಿಟಿ ಆಲ್ಟಿಟ್ಯೂಡೂ ಇಳಿದಿರುತ್ತೆ. 1.22ರ ಅನುಭವ 2016ರದ್ದು, ಅದೂ ಸಮುದ್ರ ಮಟ್ಟದ್ದು. ಫ್ಲೇರ್ (ನೆಲ ಮುಟ್ಟೋ ಮುಂಚೆ ಬ್ರೇಕ್ ಎಳೆದು ವೇಗ ಇಳಿಸೋದು) ಯಾವ ಕ್ಷಣಕ್ಕೆ ಅನ್ನೋದು ಲಾಗ್‌ಬುಕ್‌ನಲ್ಲಿ ಉಳಿಯಲ್ಲ.

ಸೂಜಿದಾರ

ರಿಗ್ಗರ್ (ಪ್ಯಾರಾಶೂಟ್ ಮಡಚಿ ರಿಪೇರಿ ಮಾಡೋರು) ಕಣ್ಣಲ್ಲಿ ನೋಡಿದ್ರೆ ಹೀಗೆ.

ಏಎಡಿ ಮೊದಲು. ಮಾರ್ಚ್ 2012ರ ಸೈಪ್ರಸ್ 2ರ ಆಯಸ್ಸು 12 ವರ್ಷ 6 ತಿಂಗಳು. 2024ರ ಸೆಪ್ಟೆಂಬರ್‌ಗೆ ಮುಗಿದಿದೆ, ಬ್ಯಾಟರಿ, ಸರ್ವೀಸ್ ಅಂತ ದುಡ್ಡು ಸುರಿಯಬೇಡಿ. ಹೊಸ ಸೈಪ್ರಸ್‌ಗೆ ಹದಿನೈದೂವರೆ ವರ್ಷ, ವಿಜಿಲ್‌ಗೆ ಇಪ್ಪತ್ತು. ಸೆಕೆಂಡ್ ಹ್ಯಾಂಡ್ ತಗೊಂಡ್ರೆ ಮೇಲ್ಮೈ ನೋಡಿ ಬೆಲೆ ಕಟ್ಟಬೇಡಿ, ತಯಾರಿಕೆ ತಿಂಗಳು ನೋಡಿ ಉಳಿದ ವರ್ಷಕ್ಕೆ ಇಷ್ಟು ಅಂತ ಕಟ್ಟಿ.

ರಿಸರ್ವ್: ಅಮೆರಿಕದಲ್ಲಿ 180 ದಿನಕ್ಕೊಮ್ಮೆ ಬಿಚ್ಚಿ ಮಡಚಲೇಬೇಕು, ನಿಮ್ಮದು ಒಂಬತ್ತು ವರ್ಷ ಬಿಗಿಯಾಗಿ ಕೂತಿದೆ. ಬಟ್ಟೆ ಬಹುಶಃ ಚೆನ್ನಾಗಿರುತ್ತೆ, ಬೀರುವಿನಲ್ಲಿ ಬಿಸಿಲು ಬಿದ್ದಿಲ್ಲವಲ್ಲ. ಆದ್ರೆ 205 ಪೌಂಡಿಗೆ 143 ಅಂದ್ರೆ ಲೋಡಿಂಗ್ 1.43. ರಿಸರ್ವ್ ಏಳು ಸೆಲ್‌ದು, ಬಟ್ಟೆ ಝೀರೋ-ಪಿ (ಗಾಳಿ ತೂರದ್ದು) ಅಲ್ಲ, ಆ ಲೋಡಿನಲ್ಲಿ ಫ್ಲೇರ್ ಬಲ ಕಡಿಮೆ. ರಿಸರ್ವ್ ಕೆಳಗೆ ಇಳಿಯೋದು ಸಾಮಾನ್ಯವಾಗಿ ಗೊತ್ತಿಲ್ಲದ ಹೊಲದಲ್ಲಿ, ಕೈ ನಡುಗ್ತಾ ಇರುವಾಗ. ಮೇನ್ ದೊಡ್ಡದು ಮಾಡಿ ರಿಸರ್ವ್ 143 ಇಟ್ಟುಕೊಂಡ್ರೆ ಅರ್ಧ ಕೆಲಸ ಮಾಡಿದ ಹಾಗೆ. ಆಪ್ಟಿಮಮ್ ಅನ್ನೋ ರಿಸರ್ವ್ ಅದೇ ಸೈಜಿನ ಪಿಡಿ ರಿಸರ್ವ್‌ಗಿಂತ ಚಿಕ್ಕದಾಗಿ ಮಡಚಿಕೊಳ್ಳುತ್ತೆ, ಆದ್ದರಿಂದ 143ರ ಜಾಗಕ್ಕೆ ಆಪ್ಟಿಮಮ್ 160 ಕೂರಬಹುದು. ಕಂಟೇನರ್ ತಯಾರಕರ ಸೈಜ್ ಪಟ್ಟಿ ಒಪ್ಪಿದ್ರೆ ಮಾತ್ರ.

ಈಗ ಹಳೇ ಸೇಬರ್2. ಸ್ಪೆಕ್ಟ್ರಾ ಲೈನ್ ಶಾಖಕ್ಕೆ ಕುಗ್ಗುತ್ತೆ. ಪ್ರತಿ ಓಪನಿಂಗ್‌ನಲ್ಲೂ ಸ್ಲೈಡರ್‌ನ (ತೆರೆಯೋದನ್ನ ನಿಧಾನ ಮಾಡೋ ಬಟ್ಟೆ ಚೌಕ) ಗ್ರಾಮೆಟ್ ಅಂದ್ರೆ ಲೋಹದ ಬಳೆ ಉಜ್ಜಿಕೊಂಡು ಇಳಿಯುವಾಗ ಬಿಸಿಯಾಗೋದು ಹೊರಗಿನ ಲೈನ್‌ಗಳು, ಎಲ್ಲಕ್ಕಿಂತ ಹೆಚ್ಚು ಬ್ರೇಕ್ ಲೈನ್. 350 ಜಂಪ್ ಆದ ಮೂಲ ಲೈನ್ ಸೆಟ್‌ನಲ್ಲಿ ಬ್ರೇಕ್ ಲೈನ್ ಎರಡು-ಮೂರು ಇಂಚು ಗಿಡ್ಡ ಆಗಿರೋದು ಮಾಮೂಲು. ಪರಿಣಾಮ ಏನು ಅಂದ್ರೆ ಟಾಗಲ್ (ಬ್ರೇಕ್ ಲೈನ್‌ನ ಹಿಡಿಕೆ) ಪೂರ್ತಿ ಮೇಲೆ ಬಿಟ್ಟಿದ್ರೂ ಕ್ಯಾನಪಿಯ ಬಾಲ (ಹಿಂದಿನ ಅಂಚು) ಸ್ವಲ್ಪ ಕೆಳಕ್ಕೆ ಎಳೆದೇ ಇರುತ್ತೆ. ಕ್ಯಾನಪಿ ಪೂರ್ಣ ವೇಗಕ್ಕೆ ಹೋಗಲ್ಲ, ಫ್ಲೇರ್‌ಗೆ ಬೇಕಾದ ಶಕ್ತಿ ಇರಲ್ಲ, ಒಂದು ಕಡೆ ಜಾಸ್ತಿ ಕುಗ್ಗಿದ್ರೆ ತನ್ನಷ್ಟಕ್ಕೇ ತಿರುಗುತ್ತೆ.

ಗಾಳಿಯಲ್ಲಿ ಪತ್ತೆ ಮಾಡೋದು ಸುಲಭ. 3,000 ಅಡಿ ಮೇಲೆ ಟಾಗಲ್ ಕೈಯಲ್ಲೇ ಹಿಡಿದು, ಪೂರ್ತಿ ಮೇಲೆತ್ತಿ, ಬಾಲದ ಕಡೆ ನೋಡಿ. ಬ್ರೇಕ್ ಲೈನ್ ಗಾಳಿಗೆ ಹಿಂದಕ್ಕೆ ಬಿಲ್ಲಿನ ಹಾಗೆ ಬಾಗಿರಬೇಕು, ಬಾಲದ ಅಂಚು ನೆಟ್ಟಗಿರಬೇಕು. ಆಮೇಲೆ ಎರಡೂ ಮುಂದಿನ ರೈಸರ್ (ಲೈನ್‌ಗಳನ್ನ ಹೆಗಲಿಗೆ ಕೂಡಿಸೋ ಪಟ್ಟಿ) ಎಳೀರಿ. ಕ್ಯಾನಪಿ ಕುದುರೆ ಹಾಗೆ ಕುಣಿದ್ರೆ ಬ್ರೇಕ್ ಲೈನ್ ಗಿಡ್ಡ ಅಂತ ಅರ್ಥ. ನಿಮ್ಮದನ್ನ ಗಾಳಿಗೆ ಒಯ್ಯೋ ಮುಂಚೆ ನೆಲದ ಮೇಲೇ ಟ್ರಿಮ್ (ಲೈನ್‌ಗಳ ಉದ್ದ) ಅಳೆಸಿ: ರಿಗ್ಗರ್ ಲೈನ್‌ಗಳನ್ನ ಒಂದೇ ಎಳೆತದಲ್ಲಿ ಹಿಡಿದು ತಯಾರಕರ ಪಟ್ಟಿ ಜೊತೆ ಹೋಲಿಸ್ತಾರೆ. ನನ್ನ ಊಹೆ, ಲೈನ್ ಸೆಟ್ ಪೂರ್ತಿ ಬದಲಾಯಿಸಬೇಕಾಗುತ್ತೆ. ಬದಲಾಯಿಸಿ ಮಾರಿಬಿಡಿ, ಒಳ್ಳೇ ಕ್ಯಾನಪಿ, ಗಿರಾಕಿ ಸಿಕ್ತಾರೆ.

ಸ್ಟಿಲೆಟೊ ಬೇಡ. ಬೆಲೆ ಎಷ್ಟೇ ಕಡಿಮೆ ಇರಲಿ. ಅದು ದೀರ್ಘವೃತ್ತದ ಆಕಾರದ್ದು, ಓಪನಿಂಗ್‌ನಲ್ಲಿ ಹಾರ್ನೆಸ್ (ಮೈಗೆ ಕಟ್ಟೋ ಪಟ್ಟಿ) ಒಂದು ಕಡೆ ವಾಲಿದ್ರೂ ತಿರುಗೋಕೆ ಶುರು ಮಾಡುತ್ತೆ. ಲೈನ್ ಟ್ವಿಸ್ಟ್ ಬಿದ್ರೆ (ಲೈನ್ ಒಂದಕ್ಕೊಂದು ಸುತ್ತಿಕೊಂಡ್ರೆ) ಬಿಡಿಸಿಕೊಳ್ಳೋ ಮುಂಚೆ ಡೈವ್ ಹೊಡೆಯೋ ಸಾಧ್ಯತೆ ಹೆಚ್ಚು.

ಅರ್ಧಬ್ರೇಕ್

ಏಳಾ ಒಂಬತ್ತಾ ಅನ್ನೋದಕ್ಕೆ: ಸ್ಪೆಕ್ಟರ್ ತರದ ಏಳು ಸೆಲ್ ನಿಧಾನಕ್ಕೆ, ಮೆತ್ತಗೆ ತೆರೆಯುತ್ತೆ. ಕುತ್ತಿಗೆ, ಸೊಂಟ ನೋವಿದ್ರೆ ಅದು. ಆದ್ರೆ ಗ್ಲೈಡ್ ಕಡಿದಾದದ್ದು, ದೂರದಲ್ಲಿ ತೆರೆದ್ರೆ ವಾಪಸ್ ಬರೋದು ಕಷ್ಟ, ಕಡಿಮೆ ಲೋಡಿನಲ್ಲಿ ಫ್ಲೇರ್ ಸಾಧಾರಣ. ಒಂಬತ್ತು ಸೆಲ್‌ನಲ್ಲಿ ಪೈಲಟ್, ಸಫೈರ್ 3, ಸೇಬರ್3, ಪಲ್ಸ್ ಯಾವುದಾದ್ರೂ ಸರಿ, ಫ್ಲೇರ್ ಧಾರಾಳ. ಪಲ್ಸ್‌ನಲ್ಲಿ ಮೇಲ್ಭಾಗ ಮಾತ್ರ ಝೀರೋ-ಪಿ, ಉಳಿದದ್ದು ತೆಳು ಬಟ್ಟೆ. ಅದಕ್ಕೇ ಮಡಚೋಕೆ ಸುಲಭ, ಗಾತ್ರವೂ ಚಿಕ್ಕದು. ಹೊಸ ಪೂರ್ತಿ ಝೀರೋ-ಪಿ ಕ್ಯಾನಪಿ ಮಡಚೋದು ಎಣ್ಣೆ ಹಚ್ಚಿದ ದಿಂಬನ್ನ ಚೀಲಕ್ಕೆ ತುಂಬಿದ ಹಾಗೆ, ಒಂಬತ್ತು ವರ್ಷ ಪ್ಯಾಕ್ ಮಾಡದ ಕೈಗೆ ಮೊದಲ ಸಲ ಒಂದು ಗಂಟೆ ಹಿಡಿಯುತ್ತೆ. ಆತುರದಲ್ಲಿ ತಪ್ಪೋದು ಎರಡು ಕಡೆ. ಸ್ಲೈಡರ್ ನಾಲ್ಕೂ ಮೂಲೆ ಸ್ಟಾಪರ್‌ಗೆ ತಾಗಿಲ್ಲ ಅಂದ್ರೆ ಓಪನಿಂಗ್ ಒದ್ದ ಹಾಗೆ ಆಗುತ್ತೆ. ರಬ್ಬರ್‌ಬ್ಯಾಂಡ್‌ನಲ್ಲಿ ಲೈನ್ ಸಡಿಲ ಇದ್ರೂ ಅಷ್ಟೇ: ಲೈನ್ ಪೂರ್ತಿ ಚಾಚೋ ಮುಂಚೆ ಕ್ಯಾನಪಿ ಬ್ಯಾಗ್‌ನಿಂದ ಆಚೆ ಬರುತ್ತೆ. ಹಳೇ ರಬ್ಬರ್‌ಬ್ಯಾಂಡ್ ಎಲ್ಲಾ ಕಿತ್ತು ಎಸೀರಿ, ಕ್ಲೋಸಿಂಗ್ ಲೂಪೂ (ಪಿನ್ ತೂರಿಸಿ ಕಂಟೇನರ್ ಮುಚ್ಚೋ ದಾರದ ಕುಣಿಕೆ) ಹೊಸದು ಹಾಕಿ.

ಮೊದಲ ಜಂಪ್‌ಗಳ ವಿಷಯ. ಬಿ ಲೈಸೆನ್ಸ್‌ಗೆ 90 ದಿನದ ಅಂತರವೇ ಮಿತಿ, ನಿಮ್ಮದು ಅದರ ಎಷ್ಟೋ ಪಟ್ಟು. ಹಾಗಾಗಿ ಇನ್‌ಸ್ಟ್ರಕ್ಟರ್ ಜೊತೆ ನೆಲದ ತರಬೇತಿ, ನೇತಾಡೋ ಹಾರ್ನೆಸ್‌ನಲ್ಲಿ ಕಟ್‌ಅವೇ (ಕೆಟ್ಟ ಮೇನ್ ಕಳಚಿ ಬಿಡೋದು) ಅಭ್ಯಾಸ, ಆಮೇಲೇ ಜಂಪ್. ವಿಂಡ್ ಟನಲ್‌ನಲ್ಲಿ ಅರ್ಧ ಗಂಟೆ ಹಾರಿದ್ರೆ ಫ್ರೀಫಾಲ್ ವಾಪಸ್ ಬರುತ್ತೆ, ಕ್ಯಾನಪಿ ಕೈಚಳಕ ಅದರಿಂದ ಬರಲ್ಲ.

ಮೊದಲ ಮೂರು-ನಾಲ್ಕು ಜಂಪ್‌ನಲ್ಲಿ ಫ್ರೀಫಾಲ್ ಮರೆತುಬಿಡಿ, 5,000 ಅಡಿಯಲ್ಲೇ ತೆರೀರಿ. 2,500ರ ಮೇಲೆ ಇರೋ ಸಮಯ ಪೂರ್ತಿ ಅಭ್ಯಾಸಕ್ಕೆ. ಟಾಗಲ್ ನಿಧಾನಕ್ಕೆ ಕೆಳಗೆ ಎಳೀತಾ ಸ್ಟಾಲ್ (ಕ್ಯಾನಪಿ ಹಾರೋದು ನಿಂತು ಕುಸಿಯೋದು) ಎಲ್ಲಿ ಶುರುವಾಗುತ್ತೆ ನೋಡಿ, ಪಕ್ಕೆಯ ಹತ್ತಿರವಾ, ಸೊಂಟದ ಕೆಳಗಾ, ಗುರುತಿಟ್ಟುಕೊಳ್ಳಿ. ಬಿಡುವಾಗ ಮೆಲ್ಲಗೆ, ಒಮ್ಮೆಲೇ ಬಿಟ್ರೆ ಕ್ಯಾನಪಿ ಮುಂದಕ್ಕೆ ಧುಮುಕುತ್ತೆ. ಆಮೇಲೆ ಹಿಂದಿನ ರೈಸರ್‌ನಲ್ಲಿ ತಿರುವು, ಫ್ಲೇರ್. ಕೊನೆಗೆ ಅರ್ಧ ಬ್ರೇಕ್‌ನಲ್ಲಿ ಫ್ಲಾಟ್ ಟರ್ನ್: ಎರಡೂ ಟಾಗಲ್ ಎದೆ ಮಟ್ಟಕ್ಕೆ, ಒಂದನ್ನ ಸ್ವಲ್ಪ ಮೇಲೆ ಬಿಡಿ, ಕ್ಯಾನಪಿ ವಾಲದೇ ತಿರುಗುತ್ತೆ. 90 ಡಿಗ್ರಿ ತಿರುಗೋಕೆ ಎಷ್ಟು ಎತ್ತರ ಕಳೆದುಕೊಂಡ್ರಿ ಅಂತ ಆಲ್ಟಿಮೀಟರ್‌ನಲ್ಲಿ ಓದಿ. ಕೆಳಗೆ ಅಡ್ಡ ಏನಾದ್ರೂ ಬಂದಾಗ ಕೈ ತಾನಾಗೇ ಒಂದು ಟಾಗಲ್ ಜಗ್ಗುತ್ತೆ, ಚೆನ್ನಾಗಿ ತೆರೆದ ಕ್ಯಾನಪಿ ಕೆಳಗೆ ಜನ ಎಷ್ಟೋ ಸಲ ಸಾಯೋದು ಆ ತಗ್ಗಿನ ತಿರುವಿನಲ್ಲೇ. ಕೈಗೆ ಫ್ಲಾಟ್ ಟರ್ನ್ ಅಭ್ಯಾಸ ಆಗೋವರೆಗೂ ಸೈಜ್ ಇಳಿಸೋ ಮಾತೇ ಬೇಡ.

ಪ್ಯಾಟರ್ನ್ (ಇಳಿಯೋ ದಾರಿ) ವಿದ್ಯಾರ್ಥಿಗಳದ್ದೇ: 1,000 ಅಡಿಗೆ ಗಾಳಿ ಜೊತೆ, 600ಕ್ಕೆ ಅಡ್ಡ, 300ಕ್ಕೆ ಗಾಳಿಗೆ ಎದುರು. ಲಾಂಗ್‌ಮಾಂಟ್‌ನಲ್ಲಿ ಪ್ರತಿ ಹಂತವೂ ಡಿಲ್ಯಾಂಡ್‌ಗಿಂತ ಉದ್ದ ಓಡುತ್ತೆ, ತಿರುಗೋ ಜಾಗ ಅದಕ್ಕೆ ತಕ್ಕ ಹಾಗೆ ಸರಿಸಿಕೊಳ್ಳಿ.

ಒಂಬತ್ತುಸೆಲ್

ಸರಿ, 170 ವಾಪಸ್ ತಗೊಂಡೆ. ಕೊಳ್ಳೋದು ಮಾತ್ರ 190, 210 ಅಲ್ಲ. 210 ಕೊಂಡ್ರೆ ಆರು ತಿಂಗಳಿಗೆ ಮತ್ತೆ ಮಾರಬೇಕು.

ಗಾಳಿಮರ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ಥ್ಯಾಂಕ್ಸ್. ಹಾಗಿದ್ರೆ: 230 ಬಾಡಿಗೆಗೆ ಐದು ಜಂಪ್, 210ರಲ್ಲಿ ಹದಿನೈದು, ಆಮೇಲೆ ಪೈಲಟ್ 188 ಅಥವಾ ಪಲ್ಸ್ 190 ಡೆಮೊ ತರಿಸಿ ನೋಡಿ ಕೊಳ್ಳೋದು. ಸ್ಟಿಲೆಟೊ ಕೈಬಿಟ್ಟೆ. ಈಗಿನ ಕಂಟೇನರ್‌ಗೆ ಪಲ್ಸ್ 190 ತುರುಕೋಕೆ ಆಗುತ್ತಾ?

ಸೂಜಿದಾರ

ಆಗಲ್ಲ. ಪಲ್ಸ್ ಸಾಮಾನ್ಯ 170ರಷ್ಟು ಜಾಗಕ್ಕೆ ಬರಬಹುದು, 150ರ ಕಂಟೇನರ್‌ಗೆ ಅದೂ ಜಾಸ್ತಿ. ತುರುಕಿದ್ರೆ ಬ್ಯಾಗ್ ಗಟ್ಟಿಯಾಗಿ ಸಿಕ್ಕಿಕೊಂಡು ಹೊರಬರೋಕೆ ತಿಣುಕುತ್ತೆ. ಕ್ಲೋಸಿಂಗ್ ಲೂಪ್ ಉದ್ದ ಮಾಡಿ ಮುಚ್ಚಿದ್ರೆ ಫ್ಲಾಪ್ ಪಿನ್‌ನ ಸರಿಯಾಗಿ ಕಾಯಲ್ಲ. ಸೆಕೆಂಡ್ ಹ್ಯಾಂಡ್ ಕಂಟೇನರ್ ಹುಡುಕಿ, ಮೇನ್ ಟ್ರೇ (ಮೇನ್ ತುಂಬೋ ಜಾಗ) 190ಕ್ಕೆ ಸರಾಗ, 170ಕ್ಕೂ ಸಡಿಲ ಆಗದ್ದು, ರಿಸರ್ವ್ ಟ್ರೇ ಆಪ್ಟಿಮಮ್ 193 ಹಿಡಿಯೋದು. ಆ ರಿಸರ್ವ್‌ಗೆ ಲೋಡಿಂಗ್ 1.06 ಬರುತ್ತೆ. ಹಾರ್ನೆಸ್ ಉದ್ದ ನಿಮ್ಮ ಮೈಗೆ ಹೊಂದದಿದ್ರೆ ರಿಗ್ಗರ್ ಹತ್ರ ಬದಲಾಯಿಸಬಹುದು, ಟ್ರೇ ಬದಲಾಯಿಸೋಕೆ ಆಗಲ್ಲ. ಬ್ಯಾಗ್ ಕಂಟೇನರ್ ಜೊತೇಲೇ ಬರಲಿ. ಪೈಲಟ್ ಚೂಟ್ (ಮೇನ್ ಎಳೆದು ತೆರೆಯೋ ಪುಟ್ಟ ಪ್ಯಾರಾಶೂಟ್) ಕಿಲ್ ಲೈನ್ (ಮೇನ್ ತೆರೆದ ಮೇಲೆ ಚೂಟ್ ಮುದುಡಿಸೋ ದಾರ) ಇರೋದಾಗಿದ್ರೆ ಆ ಲೈನ್ ಕುಗ್ಗಿದೆಯಾ ನೋಡಿ: ಕಾಕ್ ಮಾಡಿ (ಕಿಲ್ ಲೈನ್ ಎಳೆದು ಚೂಟ್ ಸಜ್ಜು ಮಾಡಿ) ಬ್ರೈಡಲ್‌ನ (ಚೂಟ್‌ಗೂ ಮೇನ್‌ಗೂ ನಡುವಿನ ಪಟ್ಟಿ) ಕಿಟಕಿಯಲ್ಲಿ ಬಣ್ಣದ ಗುರುತು ಕಾಣ್ತಿದೆಯಾ, ಚೂಟ್‌ನ ತುದಿ ಪೂರ್ತಿ ಮೇಲೆ ನಿಲ್ತಿದೆಯಾ ಅಂತ ಕೈಯಲ್ಲೇ ಹಿಡಿದು ಪರೀಕ್ಷಿಸಿ. ತುದಿ ಒಳಕ್ಕೆ ಎಳೆದುಕೊಂಡಿದ್ರೆ ಚೂಟ್ ಪೂರ್ತಿ ಉಬ್ಬಲ್ಲ, ಪಿನ್ ಎಳೆಯೋಕೆ ತಡ ಮಾಡುತ್ತೆ. ಕಿಲ್ ಲೈನ್ ಬದಲಾಯಿಸೋದು ಸಣ್ಣ ಕೆಲಸ, ಕೊಳ್ಳೋ ಮುಂಚೆ ಬೆಲೆಯಲ್ಲಿ ಕಳೆಸಿಕೊಳ್ಳಿ.