ಬ್ಯಾಂಡ್ ಜೊತೆ ನುಡಿಸಿದಾಗ ಫಝ್ ಕೇಳಿಸುವುದೇ ಇಲ್ಲ: ಯಾವ ಪೆಡಲ್ ಕೊಳ್ಳಲಿ?

ಮಂದ್ರ_ಹುಬ್ಬಳ್ಳಿ:

ಎಲ್ಲರಿಗೂ ನಮಸ್ಕಾರ. ನಮ್ಮದು ಮೂವರ ಬ್ಯಾಂಡ್. ನಿಧಾನ ಗತಿಯ ಭಾರವಾದ, ಮರುಕಳಿಸುವ ಸ್ವರಗುಚ್ಛಗಳನ್ನು, ಅಂದರೆ ರಿಫ್‌ಗಳನ್ನು ನುಡಿಸುತ್ತೇವೆ. ನನ್ನ ಗಿಟಾರ್‌ನಲ್ಲಿ ಎರಡು ಹಂಬಕರ್ ಪಿಕಪ್‌ಗಳಿವೆ, ದಪ್ಪ ತಂತಿ ಹಾಕಿ ಶ್ರುತಿಯನ್ನು ಇ ಯಿಂದ ಸಿ ಗೆ ಇಳಿಸಿದ್ದೇನೆ. ಆಂಪ್ ಸಾಲಿಡ್ ಸ್ಟೇಟ್, ಅಂದರೆ ವಾಲ್ವ್ ಇಲ್ಲದ್ದು.

ಗೆಳೆಯನಿಂದ ತಂದ ಬಿಗ್ ಮಫ್ (ಗಿಟಾರ್ ಸದ್ದನ್ನು ಒಡೆದು ದಪ್ಪಗೊಳಿಸುವ ಫಝ್ ಪೆಡಲ್) ಹಾಕಿ ಮನೆಯಲ್ಲಿ ನುಡಿಸಿದರೆ ಕಿಟಕಿಯ ಗಾಜು ಅದುರುತ್ತದೆ, ನನಗೆ ಬೇಕಾದ ಸದ್ದು ಅದೇ. ಆದರೆ ರಿಹರ್ಸಲ್‌ನಲ್ಲಿ ಡ್ರಮ್ಸ್ ಮತ್ತು ಬೇಸ್ ಸೇರಿದ ಕೂಡಲೇ ನನ್ನ ಗಿಟಾರ್ ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ವಾಲ್ಯೂಮ್ ಏರಿಸಿದರೆ ಗುಂಯ್‌ಗುಡುವುದು ಹೆಚ್ಚುತ್ತದೆಯೇ ಹೊರತು ರಿಫ್ ಸ್ಪಷ್ಟವಾಗುವುದಿಲ್ಲ. ಮಫ್ ಹಿಂದಿರುಗಿಸಿ ನನ್ನದೇ ಒಂದನ್ನು ಕೊಳ್ಳಬೇಕು. ಕೈಯಲ್ಲಿ ಹನ್ನೆರಡು ಸಾವಿರ ರೂಪಾಯಿ ಇದೆ. ಜರ್ಮೇನಿಯಂ ಟ್ರಾನ್ಸಿಸ್ಟರ್ ಇರುವ ಫಝ್ ಫೇಸ್ ಎಂಬ ಇನ್ನೊಂದು ಫಝ್ ಪೆಡಲ್ ಮಾದರಿ ಕೊಳ್ಳಲೇ, ಇನ್ನೂ ಹೆಚ್ಚು ಗೇನ್ (ಸಿಗ್ನಲ್ ಹೆಚ್ಚಿಸುವ ಪ್ರಮಾಣ) ಇರುವುದನ್ನೇ ನೋಡಲೇ?

ಬೆಸುಗೆ_ಕಲಬುರಗಿ:

ಹೆಚ್ಚು ಗೇನ್ ಇರುವುದನ್ನು ದಯವಿಟ್ಟು ಕೊಳ್ಳಬೇಡಿ. ನಾನು ಪೆಡಲ್ ರಿಪೇರಿ ಮಾಡುವವನು. ಇದೇ ದೂರನ್ನು ಹೊತ್ತು ಬರುವ ಗಿಟಾರ್‌ವಾದಕರ ಪೆಡಲ್‌ಗಳಲ್ಲಿ ಸಾಮಾನ್ಯವಾಗಿ ಏನೂ ಕೆಟ್ಟಿರುವುದಿಲ್ಲ.

ಮಫ್‌ನ ಒಳಗೆ ನಾಲ್ಕು ಹಂತಗಳಿವೆ. ಮೊದಲನೆಯದು ಗಿಟಾರ್‌ನ ಸಣ್ಣ ಸಿಗ್ನಲ್ ಅನ್ನು ದೊಡ್ಡದು ಮಾಡುತ್ತದೆ. ಎರಡನೆಯದು ಮತ್ತು ಮೂರನೆಯದು ಒಂದೊಂದು ಜೋಡಿ ಡಯೋಡ್ ಇಟ್ಟುಕೊಂಡು ಅಲೆಯ ತುದಿಗಳನ್ನು ಎರಡು ಸಲ ಕತ್ತರಿಸುತ್ತವೆ. ಬಿಟ್ಟರೂ ನಿಲ್ಲದೆ ಎಳೆಯುವ ಆ ನಾದ ಹುಟ್ಟುವುದು ಇಲ್ಲಿಯೇ. ಆಮೇಲೆ ಬರುವುದು ಟೋನ್ ಭಾಗ: ಮಂದ್ರವನ್ನು ಮಾತ್ರ ಬಿಡುವ ದಾರಿಯೊಂದು, ತಾರವನ್ನು ಮಾತ್ರ ಬಿಡುವ ದಾರಿಯೊಂದು, ಎರಡರ ನಡುವೆ ನೀವು ತಿರುಗಿಸುವ ನಾಬ್. ನಾಬ್ ನಡುವಿನಲ್ಲಿದ್ದರೆ 1000 ಹರ್ಟ್ಸ್ ಆಸುಪಾಸಿನ ಸ್ವರಾಂಶಗಳು ಎರಡೂ ದಾರಿಯಲ್ಲಿ ಸೊರಗುತ್ತವೆ. ನಾಲ್ಕನೆಯ ಹಂತ ಒಟ್ಟು ಸದ್ದನ್ನು ಮತ್ತೆ ಮೇಲೆತ್ತುತ್ತದೆ, ನಡುವಿನ ತಗ್ಗು ಮಾತ್ರ ಹಾಗೆಯೇ ಉಳಿಯುತ್ತದೆ.

ಒಬ್ಬರೇ ಕುಳಿತು ನುಡಿಸುವಾಗ ಆ ತಗ್ಗೇ ಹಿತ. ಬ್ಯಾಂಡಿನಲ್ಲಿ ಕೆಳಗಿನ ಜಾಗವನ್ನು ಬೇಸ್ ಮತ್ತು ಕಿಕ್ ಡ್ರಮ್ ಹಿಡಿಯುತ್ತವೆ, ಮೇಲಿನದನ್ನು ಸಿಂಬಲ್‌ಗಳು. ಗಿಟಾರ್‌ಗೆ ಉಳಿಯುವುದು ನಡು, ಅದನ್ನೇ ಮಫ್ ಖಾಲಿ ಮಾಡಿ ಕೊಟ್ಟಿದೆ. ವಾಲ್ಯೂಮ್ ಏರಿಸಿದರೂ ಉಪಯೋಗವಾಗದಿರುವುದು ಅದಕ್ಕೇ.

ನನ್ನ ಸಲಹೆ ಎಲೆಕ್ಟ್ರೋ ಹಾರ್ಮೋನಿಕ್ಸ್‌ನ ಆಪ್-ಆಂಪ್ ಬಿಗ್ ಮಫ್. 1970ರ ದಶಕದ ಕೊನೆಯಲ್ಲಿ ಬಿಡಿ ಟ್ರಾನ್ಸಿಸ್ಟರ್‌ಗಳ ಬದಲು ಆಪ್-ಆಂಪ್ ಎಂಬ ಸಿಗ್ನಲ್ ಹೆಚ್ಚಿಸುವ ಚಿಪ್ ಹಾಕಿ ಮಾಡಿದ ಮಾದರಿ ಇದು. ಸ್ಮ್ಯಾಶಿಂಗ್ ಪಂಪ್‌ಕಿನ್ಸ್ ತಂಡದ 1990ರ ದಶಕದ ದಟ್ಟ ಗಿಟಾರ್ ಸದ್ದಿಗೆ ಇದೇ ಕಾರಣ. 2017ರಲ್ಲಿ ಸಣ್ಣ ಪೆಟ್ಟಿಗೆಯಲ್ಲಿ ಮತ್ತೆ ಬಂತು. ಅದರಲ್ಲಿ ಟೋನ್ ಭಾಗವನ್ನೇ ದಾಟಿಸಿಬಿಡುವ ಒಂದು ಸ್ವಿಚ್ ಇದೆ. ಅದನ್ನು ಒತ್ತಿ ನೋಡಿ: ಸದ್ದು ಒಂದು ಹೆಜ್ಜೆ ಮುಂದೆ ಬಂದು ನಿಲ್ಲುತ್ತದೆ, ಒರಟಾಗುತ್ತದೆ, ರಿಫ್‌ನ ಪ್ರತಿ ಹೊಡೆತವೂ ಬಿಡಿಯಾಗಿ ಕೇಳುತ್ತದೆ. ಆ ಒರಟುತನ ನನಗೆ ಬಹಳ ಇಷ್ಟ.

ಜರ್ಮೇನಿಯಂ ಬಗ್ಗೆ: ಫಝ್ ಫೇಸ್ 1966ರಲ್ಲಿ ಲಂಡನ್ನಿನಲ್ಲಿ ಬಂದ, ಎರಡೇ ಟ್ರಾನ್ಸಿಸ್ಟರ್‌ಗಳ ಸುಂದರವಾದ ಸರ್ಕ್ಯೂಟ್. ಗಿಟಾರ್‌ನ ವಾಲ್ಯೂಮ್ ಸ್ವಲ್ಪ ಇಳಿಸಿದರೆ ಸಾಕು, ಸದ್ದು ತಿಳಿಯಾಗುತ್ತದೆ. ಇಷ್ಟು ಸೂಕ್ಷ್ಮವಾಗಿ ಕೈಗೆ ಸ್ಪಂದಿಸುವ ಫಝ್ ಇನ್ನೊಂದಿಲ್ಲ. ಆದರೆ ಜರ್ಮೇನಿಯಂ ಟ್ರಾನ್ಸಿಸ್ಟರ್ ಬಿಸಿಯಾದಂತೆ ಅದರೊಳಗಿನ ಸೋರಿಕೆ ಕರೆಂಟ್ ಏರಿ ಬಯಾಸ್ (ಅದು ಸರಿಯಾಗಿ ಕೆಲಸ ಮಾಡಲು ಹೊಂದಿಸಿಟ್ಟ ವಿದ್ಯುತ್ ಮಟ್ಟ) ತಪ್ಪುತ್ತದೆ. ನಮ್ಮ ಕಲಬುರಗಿಯ ಏಪ್ರಿಲ್‌ನಲ್ಲಿ, 40 ಡಿಗ್ರಿ ದಾಟಿದ ಮಧ್ಯಾಹ್ನ, ಬೆಳಿಗ್ಗೆ ಚೆನ್ನಾಗಿದ್ದ ಪೆಡಲ್ ಸ್ವರವನ್ನು ಹರಿದುಹರಿದು ಉಗುಳುವುದನ್ನು ಮೇಜಿನ ಮೇಲೆಯೇ ನೋಡಿದ್ದೇನೆ. ಈ ಮಾದರಿಯೇ ಬೇಕೆಂದಾದರೆ ಸಿಲಿಕಾನ್ ಆವೃತ್ತಿ ನೋಡಿ. ಅದನ್ನು ಗಿಟಾರ್‌ನ ಕೇಬಲ್ ನೇರವಾಗಿ ಸೇರುವ ಮೊದಲ ಸ್ಥಾನದಲ್ಲಿಯೇ ಇಡಿ. ಗಿಟಾರ್ ಮತ್ತು ಅದರ ನಡುವೆ ಬಫರ್ (ಸಿಗ್ನಲ್ ಕುಗ್ಗದಂತೆ ಸಾಗಿಸುವ ಸರ್ಕ್ಯೂಟ್) ಇರುವ ಪೆಡಲ್ ಬಂದರೆ ಸದ್ದು ಕರ್ಕಶವಾಗಿ, ವಾಲ್ಯೂಮ್ ನಾಬ್‌ನ ಆ ಸೊಗಸೂ ಹೋಗುತ್ತದೆ.

ದಪ್ಪತಂತಿ:

ನಾನು ಬೇಸ್ ನುಡಿಸುವವನು. ಮೇಲಿನ ಮಾತಿಗೆ ಒಂದನ್ನು ಸೇರಿಸುತ್ತೇನೆ. ಮೂವರ ಬ್ಯಾಂಡಿನಲ್ಲಿ ದಪ್ಪ ಸದ್ದನ್ನು ಗಿಟಾರ್ ಒಂದೇ ಹೊರಬೇಕಾಗಿಲ್ಲ, ನಿಮ್ಮ ಬೇಸ್ ವಾದಕರಿಗೂ ಫಝ್ ಕೊಡಿಸಿ. ಧ್ವನಿಮುದ್ರಿಕೆಗಳಲ್ಲಿ ಫಝ್ ಹೆಸರಾಗಿದ್ದು 1961ರಲ್ಲಿ, ನ್ಯಾಶ್‌ವಿಲ್‌ನ ಸ್ಟುಡಿಯೊದಲ್ಲಿ ಗ್ರೇಡಿ ಮಾರ್ಟಿನ್ ಅವರ ಆರು ತಂತಿಯ ಬೇಸ್ ಕೆಟ್ಟ ಮಿಕ್ಸರ್ ಚಾನೆಲ್ ಮೂಲಕ ಹಾದು ಹುಟ್ಟಿದ ಸದ್ದಿನಿಂದ. ಆ ಸದ್ದನ್ನು ಪೆಟ್ಟಿಗೆಗೆ ಇಳಿಸಿದ ಮೇಸ್ಟ್ರೋ ಫಝ್-ಟೋನ್ ಮರುವರ್ಷ ಮಾರುಕಟ್ಟೆಗೆ ಬಂತು. ಬೇಸ್‌ಗೆ ಕೊಳ್ಳುವುದಾದರೆ ಮೂಲ ಸದ್ದನ್ನೂ ಬೆರೆಸಲು ಬರುವ ಪೆಡಲ್ ಆಗಿರಲಿ. ಇಲ್ಲದಿದ್ದರೆ ಬುಡವೇ ತೆಳುವಾಗುತ್ತದೆ.

ಮಂದ್ರ_ಹುಬ್ಬಳ್ಳಿ:

ಇಬ್ಬರಿಗೂ ಧನ್ಯವಾದ. ಕಲಬುರಗಿ ಸರ್, ಮುಂದಿನ ಭಾನುವಾರ ನಮ್ಮದೊಂದು ಕಾರ್ಯಕ್ರಮವಿದೆ. ಹೊಸ ಪೆಡಲ್ ಅಷ್ಟರಲ್ಲಿ ಬರುವುದಿಲ್ಲ. ಈಗಿರುವ ಮಫ್‌ನಲ್ಲಿಯೇ ಏನಾದರೂ ಮಾಡಬಹುದೇ? ಬಿಚ್ಚಿ ಒಂದು ಕೆಪಾಸಿಟರ್ ಬದಲಿಸಿದರೆ ಸರಿಹೋಗುತ್ತದೆ ಎಂದು ಯಾರೋ ಹೇಳಿದರು.

ಬೆಸುಗೆ_ಕಲಬುರಗಿ:

ಹೇಳಿದವರು ಸರಿಯಾಗಿಯೇ ಹೇಳಿದ್ದಾರೆ. ತಾರದ ದಾರಿಯಲ್ಲಿ ಸುಮಾರು 4 ನ್ಯಾನೋಫ್ಯಾರಡ್‌ನ ಕೆಪಾಸಿಟರ್ ಇರುತ್ತದೆ. ಅದರ ಬದಲು 10 ನ್ಯಾನೋಫ್ಯಾರಡ್‌ನದು ಹಾಕಿದರೆ ಎರಡು ದಾರಿಗಳೂ ನಡುವಿನಲ್ಲಿ ಸಂಧಿಸಿ ತಗ್ಗು ಬಹುಮಟ್ಟಿಗೆ ತುಂಬುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವ ಅಂಗಡಿಯಲ್ಲಾದರೂ ಸಿಗುವ ಬಿಡಿಭಾಗ. ಆದರೆ ಪೆಡಲ್ ಗೆಳೆಯನದು, ಅವರನ್ನು ಕೇಳದೆ ಸ್ಕ್ರೂ ಕೂಡ ಸಡಿಲಿಸಬೇಡಿ. ಈಚಿನ ಸಣ್ಣ ಪೆಟ್ಟಿಗೆಯ ಮಫ್‌ಗಳಲ್ಲಿ ಬಿಡಿಭಾಗಗಳು ಸಾಸಿವೆಯಷ್ಟಿರುತ್ತವೆ, ಅಭ್ಯಾಸವಿಲ್ಲದ ಕೈಗೆ ಬೆಸುಗೆ ಕಷ್ಟ.

ಭಾನುವಾರಕ್ಕೆ ಹೀಗೆ ಮಾಡಿ. ಏಳು ಬ್ಯಾಂಡ್‌ನ ಇಕ್ವಲೈಸರ್ ಪೆಡಲ್ (ಸದ್ದಿನ ಏಳು ಆವರ್ತನ ಪಟ್ಟಿಗಳನ್ನು ಬೇರೆಬೇರೆಯಾಗಿ ಏರಿಳಿಸುವುದು) ಯಾರಿಂದಲಾದರೂ ಕೇಳಿ ತಂದು ಮಫ್‌ನ ನಂತರ ಇಡಿ. 800 ಹರ್ಟ್ಸ್‌ನ ಪಟ್ಟಿಯನ್ನು 6 ಡೆಸಿಬಲ್‌ನಷ್ಟು ಮೇಲೆತ್ತಿ, 100ರದ್ದನ್ನು ಸ್ವಲ್ಪ ಇಳಿಸಿ. ಮಂದ್ರ ಕಡಿಮೆಯಾಯಿತೆಂದು ಮನೆಯಲ್ಲಿ ಅನ್ನಿಸುತ್ತದೆ, ಬೇಸ್ ಸೇರಿದಾಗ ಅನ್ನಿಸುವುದಿಲ್ಲ. ಮಫ್‌ನ ಸಸ್ಟೇನ್ (ಫಝ್‌ನ ಪ್ರಮಾಣ) ನಾಬ್ ಅರ್ಧಕ್ಕಿಂತ ಕೆಳಗಿರಲಿ. ಹೊಂದಿಸುವುದನ್ನೆಲ್ಲ ಡ್ರಮ್ಸ್ ನಡೆಯುತ್ತಿರುವಾಗಲೇ ಮಾಡಿ, ಒಂಟಿಯಾಗಿ ಕೇಳಿ ತೀರ್ಮಾನಿಸಬೇಡಿ. ಆಂಪ್‌ನಲ್ಲಿ ಮಿಡಲ್ ನಾಬ್ ಎಷ್ಟರಲ್ಲಿದೆ ಎಂದು ನೀವು ಬರೆದಿಲ್ಲ. ಸೊನ್ನೆಯ ಹತ್ತಿರ ಇದ್ದರೆ ಎಲ್ಲಕ್ಕಿಂತ ಮೊದಲು ಅದನ್ನು ಏರಿಸಿ.

ಮಂದ್ರ_ಹುಬ್ಬಳ್ಳಿ:

ಮಿಡಲ್ ಎರಡರಲ್ಲಿತ್ತು. ಈಗ ಏಳಕ್ಕೆ ತಂದಿದ್ದೇನೆ. ನಾಳೆ ಸಂಜೆ ರಿಹರ್ಸಲ್ ಇದೆ, ಇಕ್ವಲೈಸರ್ ನಮ್ಮ ಡ್ರಮ್ಮರ್‌ನ ಅಣ್ಣನ ಬಳಿ ಸಿಕ್ಕಿತು.