ಶುಂಠಿಯ ಸೊರಗು ರೋಗಕ್ಕೆ ಸ್ಟ್ರೆಪ್ಟೋಸೈಕ್ಲಿನ್ ಬಿಟ್ಟು ಬೇರೆ ದಾರಿ: ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಶನಿವಾರಸಂತೆ ಬಳಿಯ ನಮ್ಮ ಗದ್ದೆಯಲ್ಲಿ ಹಾಕಿರುವ ಶುಂಠಿಗೆ, ಮಳೆ ಹಿಡಿದ ಮೇಲೆ, ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗ ತಗುಲಿದೆ. ಎಲೆಗಳು ಸುರುಳಿ ಸುತ್ತಿ ಜೋತು ಬೀಳುತ್ತವೆ. ಕಾಂಡವನ್ನು ಎಳೆದರೆ ಬುಡದಿಂದ ಕಳಚಿ ಬರುತ್ತದೆ. ಅದನ್ನು ಕತ್ತರಿಸಿ ಗಾಜಿನ ಲೋಟದ ತಿಳಿ ನೀರಿನಲ್ಲಿ ಹಿಡಿದಾಗ ತುದಿಯಿಂದ ದುಂಡಾಣು ತುಂಬಿದ ಹಾಲಿನಂಥ ಎಳೆ ಇಳಿಯಿತು, ಆದ್ದರಿಂದ ಇದು ಶಿಲೀಂಧ್ರದ ಗೆಡ್ಡೆ ಕೊಳೆಯಲ್ಲ ಎಂದು ಮನವರಿಕೆಯಾಯಿತು.

ಗೊಬ್ಬರದಂಗಡಿಯವರು ಸ್ಟ್ರೆಪ್ಟೋಸೈಕ್ಲಿನ್ ಸುರಿಯಲು ಹೇಳುತ್ತಾರೆ. ಅದರಲ್ಲಿರುವುದು ಸ್ಟ್ರೆಪ್ಟೋಮೈಸಿನ್ ಮತ್ತು ಟೆಟ್ರಾಸೈಕ್ಲಿನ್ ಎಂಬ ಆಂಟಿಬಯೋಟಿಕ್‌ಗಳು. ಮೊದಲನೆಯದು ಮನುಷ್ಯರ ಕ್ಷಯರೋಗಕ್ಕೂ ಕೊಡುವ ಔಷಧಿ. ಕೃಷಿಯಲ್ಲಿ ಇವುಗಳ ಬಳಕೆ ನಿಲ್ಲಿಸಲು ಕೇಂದ್ರ ಸರ್ಕಾರ 2021ರ ಡಿಸೆಂಬರ್‌ನಲ್ಲಿ ಕರಡು ಆದೇಶ ಹೊರಡಿಸಿತ್ತು. ಗೆಡ್ಡೆಯ ಒಳಗೂ ಮಣ್ಣಿನಲ್ಲೂ ಅಡಗಿರುವ, ಈ ರೋಗ ತರುವ ರಾಲ್‌ಸ್ಟೋನಿಯಾ ದುಂಡಾಣುವನ್ನು ಮೇಲಿನಿಂದ ಸುರಿದ ಔಷಧಿ ಮುಟ್ಟುವುದೇ ಕಷ್ಟ, ಮೇಲಾಗಿ ಗದ್ದೆಯ ನೀರು ಇಳಿಯುವ ತೋಡಿನಲ್ಲೇ ಊರಿನ ದನಗಳು ಕುಡಿಯುತ್ತವೆ. ನನ್ನ ಮನಸ್ಸು ಒಪ್ಪುತ್ತಿಲ್ಲ.

ರೋಗದ ಗಿಡಗಳನ್ನು ಮಣ್ಣು ಸಮೇತ ಕಿತ್ತು ದೂರ ಸಾಗಿಸಿ, ಬಸಿಗಾಲುವೆಯನ್ನು ಆಳ ಮಾಡಿದ್ದೇವೆ. ಭಾರತೀಯ ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ ರೂಪಿಸಿರುವ, ಬ್ಯಾಸಿಲಸ್ ಲೈಕೆನಿಫಾರ್ಮಿಸ್ ಎಂಬ ಉಪಕಾರಿ ದುಂಡಾಣುವಿರುವ ‘ಬ್ಯಾಸಿಲಿಚ್’ ಅನ್ನು ಬಳಸಿದವರಿದ್ದರೆ, ಯಾವ ಹಂತದಲ್ಲಿ ಎಷ್ಟು ಸಲ ಕೊಟ್ಟಿರಿ, ನಮ್ಮ ಕೊಡಗಿನ ಜಡಿಮಳೆಯಲ್ಲಿ ಅದು ಫಲ ಕೊಟ್ಟಿತೇ ಎಂಬುದನ್ನು ದಯವಿಟ್ಟು ತಿಳಿಸಿ. ಮುಂದಿನ ವರ್ಷಕ್ಕೆ ರೋಗವಿಲ್ಲದ ಬೀಜದ ಶುಂಠಿ ಜಿಲ್ಲೆಯೊಳಗೆ ಎಲ್ಲಿ ಸಿಗುತ್ತದೆ ಎಂಬುದೂ ಬೇಕಾಗಿದೆ.