‘ಸ್ಟ್ರಾಟೆಜಿಕ್ ಬಾಂಬರ್’ಗೆ ಕನ್ನಡದಲ್ಲಿ ಏನನ್ನೋಣ? ‘ಬಾಂಬ್ ಬೇ’ಗೆ?

ಎಲ್ಲರಿಗೂ ನಮಸ್ಕಾರ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕ ಕಟ್ಟಿದ ಬಾಂಬರ್‌ಗಳ ಬಗ್ಗೆ ಕನ್ನಡದಲ್ಲಿ ಒಂದು ದೊಡ್ಡ ಲೇಖನ ಬರೆಯುತ್ತಿದ್ದೇನೆ. ಮುಖ್ಯವಾಗಿ ಬಿ-36, ಬಿ-47, ಬಿ-52, ಬಿ-58. ಹೈಸ್ಕೂಲು ಮಕ್ಕಳಿಗೂ ಓದಿದ ಕೂಡಲೇ ಅರ್ಥವಾಗಬೇಕು ಅನ್ನೋದು ಆಸೆ. ಎರಡು ಪದಗಳು ತುಂಬಾ ಕಾಡುತ್ತಿವೆ, ಬಲ್ಲವರು ಹೇಳಿ.

‘ಬಾಂಬರ್’ ಅನ್ನೋದನ್ನು ಹಾಗೇ ಇಟ್ಟುಕೊಳ್ಳುತ್ತಿದ್ದೇನೆ. ನಮ್ಮ ಸುದ್ದಿಗಳಲ್ಲಿ ಫೈಟರ್‌ಗೂ ಬಾಂಬರ್‌ಗೂ ಸೇರಿಸಿ ‘ಯುದ್ಧವಿಮಾನ’ ಅಂದುಬಿಡುವ ರೂಢಿ ಇದೆ. ಹಾಗಂದರೆ ನಮ್ಮ ಫೈಟರ್ ತೇಜಸ್ಸೂ ಯುದ್ಧವಿಮಾನ, 2023ರ ಫೆಬ್ರುವರಿಯಲ್ಲಿ ಯಲಹಂಕದ ಏರೋ ಇಂಡಿಯಾಕ್ಕೆ ಬಂದಿದ್ದ ಅಮೆರಿಕದ ಬಾಂಬರ್ ಬಿ-1ಬಿಯೂ ಯುದ್ಧವಿಮಾನ. ಆದರೆ ಎರಡರ ಗಾತ್ರವೂ ಬೇರೆ, ಕೆಲಸವೂ ಬೇರೆ. ‘ಬಾಂಬರ್’ ಅಂದರೆ ಬಾಂಬ್ ಇಟ್ಟ ಮನುಷ್ಯ ಅನ್ನೋ ಅರ್ಥವೂ ಓಡಾಡುತ್ತಿರುವುದರಿಂದ ಮೊದಲ ಸಲ ‘ಬಾಂಬರ್ ವಿಮಾನ’ ಅಂತ ಬರೆದು, ಆಮೇಲೆ ಬರೀ ಬಾಂಬರ್ ಅಂದರೆ ಸಾಕು ಅನಿಸುತ್ತದೆ.

ನಿಜವಾದ ತೊಡಕು ‘ಸ್ಟ್ರಾಟೆಜಿಕ್’ನಲ್ಲಿದೆ.

1946ರ ಮಾರ್ಚ್ 21ರಂದು ಅಮೆರಿಕದ ವಾಯುಪಡೆಯಲ್ಲಿ ಹೊಸ ಕಮಾಂಡ್‌ಗಳು ಹುಟ್ಟಿದವು. ಕಮಾಂಡ್ ಅಂದರೆ ವಾಯುಪಡೆಯ ದೊಡ್ಡ ವಿಭಾಗ. ಅವುಗಳಲ್ಲಿ ಒಂದು ಸ್ಟ್ರಾಟೆಜಿಕ್ ಏರ್ ಕಮಾಂಡ್, ಇನ್ನೊಂದು ಟ್ಯಾಕ್ಟಿಕಲ್ ಏರ್ ಕಮಾಂಡ್. ಮೊದಲನೆಯದರ ಕೆಲಸ ಶತ್ರುದೇಶದ ಒಳಗೇ ನುಗ್ಗಿ ಅದರ ಕಾರ್ಖಾನೆ, ತೈಲ, ವಿದ್ಯುತ್, ನಗರಗಳ ಮೇಲೆ ಬಾಂಬ್ ಹಾಕುವುದು, ಅಂದರೆ ಯುದ್ಧ ಮಾಡುವ ಶಕ್ತಿಯ ಬುಡಕ್ಕೇ ಕೊಡಲಿ ಹಾಕುವುದು. ಎರಡನೆಯದರ ಕೆಲಸ ರಣರಂಗದಲ್ಲಿ ಕಾದಾಡುತ್ತಿರುವ ತಮ್ಮ ಸೈನಿಕರಿಗೆ ಮೇಲಿನಿಂದ ನೆರವಾಗುವುದು. ಇಷ್ಟೇ ವ್ಯತ್ಯಾಸ, ಆದರೆ ಶೀತಲ ಸಮರದ ಇಡೀ ಕಥೆ ಇದರ ಮೇಲೇ ನಿಂತಿದೆ. ಹಣ ಯಾರಿಗೆ ಜಾಸ್ತಿ, ಅಣುಬಾಂಬ್ ಯಾರ ಕೈಯಲ್ಲಿ, ಸ್ಟ್ರಾಟೆಜಿಕ್ ಏರ್ ಕಮಾಂಡಿನ ಮುಖ್ಯಸ್ಥರಾಗಿದ್ದ ಕರ್ಟಿಸ್ ಲೆಮೇ ತರಹದ ಜನರಲ್‌ಗೆ ಅಷ್ಟು ಅಧಿಕಾರ ಯಾಕೆ, ಎಲ್ಲದಕ್ಕೂ ಉತ್ತರ ಇಲ್ಲೇ ಸಿಗುತ್ತದೆ.

ಕನ್ನಡದಲ್ಲಿ ಈಗ ಓಡುತ್ತಿರುವ ಪದಗಳನ್ನು ನೋಡಿ. ‘ವ್ಯೂಹಾತ್ಮಕ’ ಅಂತ ತುಂಬಾ ಜನ ಬರೆಯುತ್ತಾರೆ. ವ್ಯೂಹ ಅಂದರೆ ನಮಗೆ ಯಾರಿಗೇ ಆಗಲಿ ಮೊದಲು ನೆನಪಾಗುವುದು ಚಕ್ರವ್ಯೂಹ, ಪದ್ಮವ್ಯೂಹ, ಅಂದರೆ ರಣರಂಗದಲ್ಲಿ ಸೈನ್ಯವನ್ನು ನಿಲ್ಲಿಸುವ ಬಗೆ. ಅದು ಸೀದಾ ಟ್ಯಾಕ್ಟಿಕಲ್ ಕಡೆಯ ಮಾತು, ಅಲ್ವಾ? ಸ್ಟ್ರಾಟೆಜಿಕ್‌ಗೆ ಅದನ್ನು ಬಳಸಿದರೆ ಅರ್ಥ ತಲೆಕೆಳಗಾಗುತ್ತದೆ. ‘ಆಯಕಟ್ಟಿನ’ ಒಳ್ಳೆಯ ಪದ, ಆದರೆ ಅದು ಜಾಗಕ್ಕೆ ಹೊಂದುತ್ತದೆ. ಆಯಕಟ್ಟಿನ ಬೆಟ್ಟ, ಆಯಕಟ್ಟಿನ ಬಂದರು ಅನ್ನಬಹುದು, ಆಯಕಟ್ಟಿನ ವಿಮಾನ ಅಂದರೆ ಕಿವಿಗೆ ಒಗ್ಗುವುದಿಲ್ಲ. ‘ಕಾರ್ಯತಂತ್ರ’ ಅಂತೂ ಚುನಾವಣೆಗೂ ಆಯ್ತು, ಕ್ರಿಕೆಟ್ಟಿಗೂ ಆಯ್ತು, ಕಂಪನಿ ಮೀಟಿಂಗಿಗೂ ಆಯ್ತು. ಅದೂ ಅಲ್ಲದೆ ಟ್ಯಾಕ್ಟಿಕ್ಸ್‌ಗೆ ‘ತಂತ್ರ’ ಅನ್ನುತ್ತೇವೆ, ಸ್ಟ್ರಾಟೆಜಿಗೆ ‘ಕಾರ್ಯತಂತ್ರ’ ಅನ್ನುತ್ತೇವೆ. ಎರಡರ ನಡುವಿನ ಗೋಡೆಯೇ ಬಿದ್ದುಹೋಯಿತು.

ಸುಲಭವಾಗಿ ‘ದೂರಗಾಮಿ ಬಾಂಬರ್’ ಅಂದರೆ ಆಗದೇ ಅಂತ ಗೆಳೆಯರೊಬ್ಬರು ಕೇಳಿದರು. ಬಿ-36ಕ್ಕೆ ಅದು ಸರಿಹೋಗುತ್ತದೆ. ಬ್ರಿಟನ್ ಬಿದ್ದುಹೋದರೆ ಅಮೆರಿಕದ ನೆಲದಿಂದಲೇ ಜರ್ಮನಿಗೆ ಹೋಗಿ ವಾಪಸ್ ಬರಬೇಕು ಅಂತ 1941ರಲ್ಲೇ ಯೋಚಿಸಿ ಕಟ್ಟಲು ಶುರು ಮಾಡಿದ ವಿಮಾನ ಅದು. ರೆಕ್ಕೆಯ ತುದಿಯಿಂದ ತುದಿಗೆ 70 ಮೀಟರ್, ಒಂದೇ ಹಾರಾಟದಲ್ಲಿ ಸುಮಾರು 16,000 ಕಿಲೋಮೀಟರ್. ಆದರೆ ಬಿ-47ನ್ನು ನೋಡಿ. ಅದೂ ಸ್ಟ್ರಾಟೆಜಿಕ್ ಬಾಂಬರ್ರೇ, 2,000ಕ್ಕೂ ಜಾಸ್ತಿ ಕಟ್ಟಿದರು, 1950ರ ದಶಕದಲ್ಲಿ ಆ ಕಮಾಂಡಿನ ಬೆನ್ನೆಲುಬೇ ಅದಾಗಿತ್ತು. ಆದರೆ ಅದಕ್ಕೆ ಅಮೆರಿಕದಿಂದ ಹೊರಟು ಸೋವಿಯತ್ ಒಕ್ಕೂಟ ಮುಟ್ಟಿ ಬರುವಷ್ಟು ಕಸುವು ತಾನಾಗಿ ಇರಲಿಲ್ಲ. ಆಕಾಶದಲ್ಲೇ ಕೆಸಿ-97 ಟ್ಯಾಂಕರ್‌ನಿಂದ ಇಂಧನ ತುಂಬಿಸಬೇಕಿತ್ತು, ಇಲ್ಲವೇ ಇಂಗ್ಲೆಂಡ್, ಮೊರಾಕೊ, ಸ್ಪೇನ್‌ಗಳ ನೆಲೆಗಳಲ್ಲಿ ತಂದು ನಿಲ್ಲಿಸಬೇಕಿತ್ತು. ಹಾಗಾಗಿ ದೂರ ಹೋಗುವುದು ಇದರ ಲಕ್ಷಣ ಅಲ್ಲ. ಯಾವುದರ ಮೇಲೆ ಬಾಂಬ್ ಹಾಕುತ್ತದೆ ಅನ್ನೋದು ಲಕ್ಷಣ.

ಅದಕ್ಕೇ ನನ್ನ ಸಲಹೆ: ಸ್ಟ್ರಾಟೆಜಿಕ್ ಬಾಂಬರ್‌ಗೆ ‘ಒಳನಾಡು ದಾಳಿಯ ಬಾಂಬರ್’, ಟ್ಯಾಕ್ಟಿಕಲ್ ಬಾಂಬರ್‌ಗೆ ‘ರಣರಂಗದ ಬಾಂಬರ್’. ಒಳನಾಡು ಅನ್ನೋದು ಯಾರಿಗೂ ಹೊಸದಲ್ಲ. ‘ಉತ್ತರ ಒಳನಾಡಿನಲ್ಲಿ ಚದುರಿದಂತೆ ಮಳೆ’ ಅಂತ ದಿನಾ ಕೇಳುತ್ತೇವೆ. ಶತ್ರುವಿನ ಗಡಿ ದಾಟಿ, ಅವನ ಸೈನ್ಯವನ್ನೂ ದಾಟಿ, ಅವನ ನಾಡಿನ ಒಳಗೆ ಹೋಗುವುದು ಅನ್ನೋ ಚಿತ್ರ ತಾನಾಗಿ ಬರುತ್ತದೆ.

ಇದಕ್ಕೊಂದು ಗಟ್ಟಿ ಆಕ್ಷೇಪ ಬರಬಹುದು, ನಾನೇ ಹೇಳಿಬಿಡುತ್ತೇನೆ. ವಿಯೆಟ್ನಾಂನಲ್ಲಿ ಎಲ್ಲ ಅದಲುಬದಲಾಯಿತು. 1965ರ ಜೂನ್ 18ರಂದು ಗುವಾಮ್ ದ್ವೀಪದಿಂದ ಬಿ-52ಗಳು ಹೊರಟು ದಕ್ಷಿಣ ವಿಯೆಟ್ನಾಂನ ಕಾಡಿನ ಮೇಲೆ ಬಾಂಬ್ ಸುರಿದವು. ಮಾಸ್ಕೋಗೆ ಅಣುಬಾಂಬ್ ಒಯ್ಯಲು ಕಟ್ಟಿದ ವಿಮಾನ ಕಾಲಾಳುಗಳಿಗೆ ನೆರವಾಗುವ ಕೆಲಸಕ್ಕೆ ಇಳಿಯಿತು. ಅತ್ತ ಟ್ಯಾಕ್ಟಿಕಲ್ ಕಮಾಂಡಿಗೆಂದು ಕಟ್ಟಿದ ಫೈಟರ್-ಬಾಂಬರ್ ಎಫ್-105ಗಳು ಥಾಯ್ಲೆಂಡಿನಿಂದ ಹಾರಿ ಉತ್ತರ ವಿಯೆಟ್ನಾಂನ ಒಳಗೆ ಹೋಗಿ 1967ರಲ್ಲಿ ಥಾಯ್ ಙುಯೆನ್ ಉಕ್ಕಿನ ಕಾರ್ಖಾನೆಯ ಮೇಲೆ ದಾಳಿ ಮಾಡಿದವು. ಬಿ-52ಗಳು ದೊಡ್ಡ ಪ್ರಮಾಣದಲ್ಲಿ ಉತ್ತರ ವಿಯೆಟ್ನಾಂನ ರಾಜಧಾನಿ ಹನೋಯ್ ಮೇಲೆ ಹೋಗಿದ್ದು 1972ರ ಡಿಸೆಂಬರಿನಲ್ಲಿ, ಆ ಕೆಲವೇ ದಿನಗಳಲ್ಲಿ 15 ಬಿ-52ಗಳು ನಷ್ಟವಾದವು. ಹಾಗಾದರೆ ಬಿ-52 ಯಾವ ಬಾಂಬರ್? ನನಗನಿಸುವುದು, ಯಾತಕ್ಕೆ ಕಟ್ಟಿದರೋ ಅದರಿಂದ ವಿಮಾನವನ್ನು ಕರೆಯೋಣ, ಮಾಡಿದ ದಾಳಿಯನ್ನು ಬೇರೆಯಾಗಿ ಹೇಳೋಣ. ‘ಒಳನಾಡು ದಾಳಿಗೆಂದು ಕಟ್ಟಿದ ಬಿ-52 ರಣರಂಗದ ದಾಳಿಗೆ ಇಳಿಯಿತು’ ಅಂದರೆ ಮಗುವಿಗೂ ತಿಳಿಯುತ್ತದೆ. ಅದನ್ನೇ ‘ವ್ಯೂಹಾತ್ಮಕ ಬಾಂಬರ್ ಯುದ್ಧತಂತ್ರದ ದಾಳಿ ನಡೆಸಿತು’ ಅಂತ ಬರೆದರೆ ಏನು ವಿಶೇಷ ನಡೆಯಿತು ಅಂತಲೇ ಗೊತ್ತಾಗುವುದಿಲ್ಲ.

ಇನ್ನು ‘ಬಾಂಬ್ ಬೇ’. ಮೆಷಿನ್ ಅನುವಾದದಲ್ಲಿ ನೋಡಿದರೆ ‘ಬಾಂಬ್ ಕೊಲ್ಲಿ’ ಅಂತ ಬಂತು, ಬಂಗಾಳ ಕೊಲ್ಲಿಯ ಕೊಲ್ಲಿ. ಅದು ಖಂಡಿತ ಬೇಡ. ವಿಮಾನದ ಒಡಲಿನಲ್ಲಿ ಅಡ್ಡ ಚೌಕಟ್ಟುಗಳ ನಡುವೆ ಬಿಟ್ಟ ಖಾನೆ ಇದು, ಬಾಂಬ್‌ಗಳನ್ನು ಇಲ್ಲಿ ತೂಗುಹಾಕಿರುತ್ತಾರೆ, ಕೆಳಗೆ ಬಾಗಿಲು ಇರುತ್ತದೆ.

ಇದಕ್ಕೆ ನಮ್ಮಲ್ಲೇ ಅಚ್ಚುಕಟ್ಟಾದ ಪದ ಇದೆ ಅನ್ನೋದು ನನ್ನ ವಾದ: ಅಂಕಣ. ಮೂರಂಕಣದ ಮನೆ, ಏಳಂಕಣದ ಮನೆ ಅಂತ ಹಿರಿಯರು ಹೇಳುವುದನ್ನು ಕೇಳಿರುತ್ತೀರಿ, ಎರಡು ಕಂಬಸಾಲಿನ ನಡುವಿನ ಜಾಗ ಒಂದು ಅಂಕಣ. ದೇವಸ್ಥಾನದ ನವರಂಗಕ್ಕೆ ಒಂಬತ್ತು ಅಂಕಣ. ಇಂಗ್ಲಿಷಿನಲ್ಲೂ ಕಟ್ಟಡದ ಈ ಭಾಗಕ್ಕೆ ‘ಬೇ’ ಅಂತಲೇ ಹೇಳುತ್ತಾರೆ. ಬಿ-47ರ ಒಡಲನ್ನು ಉದ್ದಕ್ಕೆ ನೋಡಿದರೆ ಇದು ಎಷ್ಟು ಸರಿಹೊಂದುತ್ತದೆ ಅಂತ ತಿಳಿಯುತ್ತದೆ. ರೆಕ್ಕೆ ತೆಳು, ಅದರಲ್ಲಿ ಚಕ್ರ ಮಡಚಿಡಲು ಜಾಗವಿಲ್ಲ. ಹಾಗಾಗಿ ಮುಂದೊಂದು, ಹಿಂದೊಂದು ಅಂತ ಚಕ್ರದ ಜೋಡಿಗಳನ್ನು ಒಡಲಿನಲ್ಲೇ ಇಟ್ಟರು. ಮುಂದೆ ಚಕ್ರದ ಅಂಕಣ, ನಡುವೆ ಬಾಂಬಿನ ಅಂಕಣ, ಹಿಂದೆ ಮತ್ತೆ ಚಕ್ರದ ಅಂಕಣ. ಬಿ-58ಕ್ಕೆ ಬಾಂಬಿನ ಅಂಕಣವೇ ಇರಲಿಲ್ಲ, ಇಂಧನವನ್ನೂ ಬಾಂಬನ್ನೂ ತುಂಬಿದ ದೊಡ್ಡ ಪಾಡ್ (ಉದ್ದನೆಯ ಡಬ್ಬಿ) ಒಂದನ್ನು ಹೊಟ್ಟೆಯ ಕೆಳಗೆ ಹೊರಗಡೆಯೇ ಕಟ್ಟಿಕೊಂಡು ಹೋಗುತ್ತಿತ್ತು.

ಈಗ ಅಂಕಣ ಅಂದರೆ ಪತ್ರಿಕೆಯ ಅಂಕಣ, ಕಬಡ್ಡಿಯ ಅಂಕಣ ಅಂತ ಹುಡುಗರು ತಿಳಿಯುತ್ತಾರೆ, ಅದು ನಿಜ. ಇನ್ನೊಂದು ದಾರಿ ‘ಹೊಟ್ಟೆ’. ಅಮೆರಿಕದವರೇ ಹಾಗೆ ಹೇಳಿದ್ದಾರೆ. ವಿಯೆಟ್ನಾಂಗಾಗಿ ಬಿ-52ಡಿಯ ಒಳಗೆ 500 ಪೌಂಡಿನ ಬಾಂಬ್‌ಗಳು 27ರ ಬದಲು 84 ಹಿಡಿಸುವ ಹಾಗೆ ಮಾಡಿದಾಗ ಅದಕ್ಕೆ ‘ಬಿಗ್ ಬೆಲಿ’ ಅಂತ ಹೆಸರಿಟ್ಟರು, ಅಂದರೆ ದೊಡ್ಡ ಹೊಟ್ಟೆ. ರೆಕ್ಕೆಯ ಕೆಳಗಿನ 24 ಸೇರಿ ಒಂದು ವಿಮಾನಕ್ಕೆ 108 ಬಾಂಬ್. ಆದರೆ ಹೊಟ್ಟೆ ಅಂದರೆ ಪೂರ್ತಿ ಒಡಲಾಯಿತು, ಒಂದು ಖಾನೆ ಆಗುವುದಿಲ್ಲ.

ಬಿ-36ರ ಬಗ್ಗೆ ಬರೆಯುವಾಗ ಖಾನೆ ಅನ್ನೋ ಅರ್ಥ ಬೇಕೇ ಬೇಕು. ಅದರಲ್ಲಿ ಮುಂದಿನ ಸಿಬ್ಬಂದಿಯ ಕೋಣೆಗೂ ಹಿಂದಿನದಕ್ಕೂ ನಡುವೆ ಬಾಂಬಿನ ಅಂಕಣಗಳಿದ್ದವು. ಅತ್ತಿತ್ತ ಹೋಗಬೇಕಾದರೆ ಅಂಕಣಗಳ ಪಕ್ಕದಲ್ಲಿ ಹಾದುಹೋದ ಉದ್ದನೆಯ ಇಕ್ಕಟ್ಟಿನ ಕೊಳವೆಯಲ್ಲಿ, ಚಕ್ರ ಇರುವ ಪುಟ್ಟ ಹಲಗೆಯ ಮೇಲೆ ಮಲಗಿ, ಮೇಲಿನ ಹಗ್ಗ ಹಿಡಿದು ಎಳೆದುಕೊಳ್ಳುತ್ತಾ ಸಾಗಬೇಕಿತ್ತು. 1957ರ ಮೇ 22ರಂದು ಒಂದು ಬಿ-36 ನ್ಯೂ ಮೆಕ್ಸಿಕೋದ ಕರ್ಟ್‌ಲೆಂಡ್ ನೆಲೆಗೆ ಮಾರ್ಕ್-17 ಹೈಡ್ರೋಜನ್ ಬಾಂಬ್ ಸಾಗಿಸುತ್ತಿತ್ತು. ಬಾಂಬಿನ ತೂಕ ಸುಮಾರು 19 ಟನ್. ಇಳಿಯುವ ಹೊತ್ತಿಗೆ ಸುರಕ್ಷತೆಯ ಪಿನ್ ತೆಗೆಯಲು ಒಬ್ಬರು ಅಂಕಣದೊಳಗೆ ಹೋದಾಗ ಬಾಂಬ್ ಕಳಚಿಕೊಂಡು, ಮುಚ್ಚಿದ್ದ ಬಾಗಿಲನ್ನೇ ಮುರಿದು ಕೆಳಗೆ ಬಿತ್ತು. ಒಳಗಿನ ಮಾಮೂಲಿ ಸ್ಫೋಟಕ ಸಿಡಿದು ಮೇಯುತ್ತಿದ್ದ ಹಸುವೊಂದು ಸತ್ತಿತು. ಅಣುಸ್ಫೋಟ ಆಗಲಿಲ್ಲ, ಅದಕ್ಕೆ ಬೇಕಾದ ಅಣುವಸ್ತುವಿನ ಕ್ಯಾಪ್ಸೂಲನ್ನು ಬಾಂಬಿನೊಳಗೆ ಇಟ್ಟಿರಲಿಲ್ಲ. ‘ಬಾಂಬಿನ ಅಂಕಣದ ಬಾಗಿಲು ಮುರಿದುಕೊಂಡು ಬಿತ್ತು’ ಅಂತ ಬರೆದಿದ್ದೇನೆ. ಓದಲು ಹೇಗಿದೆ ಹೇಳಿ.

ಸಣ್ಣದೊಂದು. ಬಿ-36ಕ್ಕೆ ಆರು ಪ್ರೊಪೆಲರ್ ಎಂಜಿನ್, ರೆಕ್ಕೆಯ ಹಿಂಬದಿಯಿಂದ ನೂಕುವಂಥವು, ಆಮೇಲೆ ನಾಲ್ಕು ಜೆಟ್ ಸೇರಿಸಿದರು. ಸಿಬ್ಬಂದಿ ಪ್ರಾಸ ಹಾಕಿ ಹೇಳುತ್ತಿದ್ದ ‘ಸಿಕ್ಸ್ ಟರ್ನಿಂಗ್, ಫೋರ್ ಬರ್ನಿಂಗ್’ ಅನ್ನೋ ಮಾತನ್ನು ‘ಆರು ತಿರುಗೋದು, ನಾಲ್ಕು ಉರಿಯೋದು’ ಅಂತ ತಂದಿದ್ದೇನೆ. ಇನ್ನೂ ಚೆನ್ನಾಗಿ ಹೊಂದುವುದು ಹೊಳೆದರೆ ಕೊಡಿ.

ಕೊನೆಯದಾಗಿ ಬೆಂಗಳೂರಿನವರಿಗೆ ಒಂದು ಕೋರಿಕೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟಿಷ್ ವಾಯುಪಡೆಯವರು ಕಾನ್ಪುರದಲ್ಲಿ ಕೆಡಿಸಿ ಬಿಟ್ಟುಹೋದ ಬಿ-24 ಲಿಬರೇಟರ್ ಬಾಂಬರ್‌ಗಳನ್ನು 1948ರ ಸುಮಾರಿಗೆ ಬೆಂಗಳೂರಿಗೆ ಹಾರಿಸಿಕೊಂಡು ಬಂದು, ನಮ್ಮ ಎಚ್‌ಎಎಲ್‌ನಲ್ಲಿ 40ಕ್ಕೂ ಹೆಚ್ಚು ವಿಮಾನಗಳನ್ನು ರಿಪೇರಿ ಮಾಡಿ ಭಾರತೀಯ ವಾಯುಪಡೆಗೆ ಕೊಟ್ಟರು. ಅವುಗಳ ಬಾಂಬಿನ ಅಂಕಣದ ಬಾಗಿಲು ಅಂಗಡಿಯ ರೋಲಿಂಗ್ ಶಟರ್ ತರಹ ಪಕ್ಕಕ್ಕೆ ಸುತ್ತಿಕೊಳ್ಳುತ್ತಿತ್ತು. ಅದನ್ನು ಬಿಚ್ಚಿ, ತಟ್ಟಿ, ಎಣ್ಣೆ ಹಾಕಿ ಮತ್ತೆ ಕೂರಿಸಿದ ಕೈಗಳಲ್ಲಿ ಎಷ್ಟೋ ಕನ್ನಡಿಗರವು ಇದ್ದೇ ಇರುತ್ತವೆ. ಬಾಂಬ್ ಇಡುವ ಆ ಜಾಗಕ್ಕೆ ಕಾರ್ಖಾನೆಯ ಶಾಪ್‌ನಲ್ಲಿ ಅವರು ಏನನ್ನುತ್ತಿದ್ದರು? ನಿಮ್ಮ ತಂದೆಯೋ ತಾತನೋ ಅಲ್ಲಿ ಕೆಲಸ ಮಾಡಿದ್ದರೆ, ಮನೆಯಲ್ಲಿ ಆಡಿದ ಮಾತೇನಾದರೂ ನೆನಪಿದ್ದರೆ ದಯವಿಟ್ಟು ತಿಳಿಸಿ. ಬರೀ ಇಂಗ್ಲಿಷ್ ಪದವನ್ನೇ ಬಳಸುತ್ತಿದ್ದರು ಅಂತ ಗೊತ್ತಾದರೂ ಉಪಯೋಗವೇ, ಅವರು ಹೇಳುತ್ತಿದ್ದ ಹಾಗೇ ಬರೆಯುತ್ತೇನೆ.